ಅಂಗಡಿಯ ಬೆಳಕಿನಲ್ಲಿ ಸೋತ ಪ್ಲಾಸ್ಮಾ

ಟಿವಿ ಅಂಗಡಿಗೆ ಕಾಲಿಟ್ಟರೆ ಗೋಡೆ ತುಂಬ ಒಂದೇ ದೃಶ್ಯ. ಗಿಳಿ ರೆಕ್ಕೆ ಬಡಿಯುತ್ತದೆ, ಕತ್ತರಿಸಿದ ಹಣ್ಣಿನ ಮೇಲೆ ಜೇನು ಸುರಿಯುತ್ತದೆ, ನೀರಿನ ಹನಿ ನಿಧಾನವಾಗಿ ಚಿಮ್ಮುತ್ತದೆ. ಗಿಳಿ ನೋಡಲೆಂದು ನಮ್ಮ ಮನೆಗಳಲ್ಲಿ ಯಾರೂ ಟಿವಿ ಹಾಕುವುದಿಲ್ಲ. ನಾವು ನೋಡುವುದು ಧಾರಾವಾಹಿ, ಸುದ್ದಿ, ಕ್ರಿಕೆಟ್, ಭಾನುವಾರ ಮಧ್ಯಾಹ್ನದ ಹಳೆಯ ಸಿನಿಮಾ. ಆದರೆ ಧಾರಾವಾಹಿ ಹಾಕಿ ತೋರಿಸಿ ಎಂದು ಅಂಗಡಿಯವನನ್ನು ಕೇಳಿ ನೋಡಿ, ಅವನ ಉತ್ಸಾಹ ಅಲ್ಲೇ ಇಳಿಯುತ್ತದೆ. ಡೆಮೊ ವಿಡಿಯೊದಲ್ಲಿ ಕತ್ತಲೆಯೇ ಇರುವುದಿಲ್ಲ. ತಲೆಯ ಮೇಲೆ ಸಾಲುಸಾಲು ದೀಪ, ಎದುರಿಗೆ ಗರಿಷ್ಠ ಪ್ರಖರತೆಗೆ ಇಟ್ಟ ಪರದೆಗಳು. ಅಂಥ ಜಾಗದಲ್ಲಿ ಹೆಚ್ಚು ಬೆಳಗುವ ಟಿವಿಯೇ ಒಳ್ಳೆಯ ಟಿವಿ ಎಂದು ಕಣ್ಣು ತೀರ್ಪು ಕೊಟ್ಟುಬಿಡುತ್ತದೆ.

ಟಿವಿ ಪರದೆಯ ಇತ್ತೀಚಿನ ಚರಿತ್ರೆ ಬಹುಮಟ್ಟಿಗೆ ತೀರ್ಮಾನವಾದದ್ದು ಈ ಬೆಳಕಿನಲ್ಲೇ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಹಳೆಯ ಡಬ್ಬಾ ಟಿವಿಯನ್ನು ಬದಲಿಸಲು ಹೊರಟವರಿಗೆಲ್ಲ ಒಂದೇ ಪ್ರಶ್ನೆ: ಪ್ಲಾಸ್ಮಾ ತಗೊಳ್ಳೋಣವೋ, ಎಲ್‌ಸಿಡಿ ತಗೊಳ್ಳೋಣವೋ? ಚಿತ್ರದ ಗುಣ ಬಲ್ಲವರು ಪ್ಲಾಸ್ಮಾ ಎನ್ನುತ್ತಿದ್ದರು. ಜನ ಎಲ್‌ಸಿಡಿ ಕೊಂಡರು. ಈಗ ಅದೇ ಪ್ರಶ್ನೆ ಓಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಂಬ ಹೊಸ ಹೆಸರುಗಳಲ್ಲಿ ಎದುರು ನಿಂತಿದೆ. ಆಗ ಪ್ಲಾಸ್ಮಾ ಏಕೆ ಸೋತಿತು ಎಂಬುದು ಗೊತ್ತಿದ್ದರೆ ಈಗಿನ ಆಯ್ಕೆ ಅರ್ಧ ಸುಲಭ.

ಮೊದಲು ಡಬ್ಬಾದಿಂದಲೇ ಶುರು ಮಾಡೋಣ. ಪಿಕ್ಚರ್ ಟ್ಯೂಬಿನ ಮೂಲ 1897ರಷ್ಟು ಹಿಂದಿನದು. ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಆ ವರ್ಷ ಕ್ಯಾಥೋಡ್ ಕಿರಣ ಕೊಳವೆ ಮಾಡಿದ. ಗಾಳಿ ತೆಗೆದ ಗಾಜಿನ ಬುರುಡೆ, ಹಿಂದಿನ ಕುತ್ತಿಗೆಯಲ್ಲಿ ಎಲೆಕ್ಟ್ರಾನ್ ಚಿಮ್ಮಿಸುವ ಗನ್, ಮುಂದಿನ ಗಾಜಿನ ಒಳಮೈಗೆ ಲೇಪಿಸಿದ ಫಾಸ್ಫರ್. ಕಲರ್ ಟಿವಿಯಲ್ಲಿ ಸುಮಾರು 25,000 ವೋಲ್ಟ್ ಒತ್ತಡದಿಂದ ಸೆಳೆಯಲ್ಪಟ್ಟ ಎಲೆಕ್ಟ್ರಾನುಗಳು ಫಾಸ್ಫರಿಗೆ ಬಡಿದಲ್ಲೆಲ್ಲ ಬೆಳಕು. ಆ ಕಿರಣವನ್ನು ಕಾಂತಕ್ಷೇತ್ರದಿಂದ ಬಾಗಿಸಿ, ಗೆರೆಗೆರೆಯಾಗಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಿಸಿದರೆ ಚಿತ್ರ. ನಮ್ಮ ಪಿಎಎಲ್ ಪದ್ಧತಿಯಲ್ಲಿ ಒಟ್ಟು 625 ಗೆರೆ. ಅದರಲ್ಲಿ ಚಿತ್ರ ಹೊರುವವು 576. ಕಿರಣಕ್ಕೆ ಓಡಾಡಲು ಜಾಗ ಬೇಕಾದ್ದರಿಂದಲೇ ಟಿವಿಗೆ ಆ ಬೆನ್ನು. 29 ಇಂಚಿನದನ್ನು ಮಹಡಿಗೆ ಸಾಗಿಸಿದವರಿಗೆ ಅದರ ತೂಕವನ್ನು ವಿವರಿಸಬೇಕಿಲ್ಲ.

ಕರ್ನಾಟಕದಲ್ಲಿ ಟಿವಿಯನ್ನು ಮೊದಲು ಕಂಡವರಲ್ಲಿ ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಯವರು ಸೇರಿದ್ದಾರೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಇಸ್ರೊ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರ ಪ್ರಸಾರವಾಯಿತು. ಹೈದರಾಬಾದಿನ ಇಸಿಐಎಲ್ ಮಾಡಿದ ಕಪ್ಪು-ಬಿಳುಪು ಸೆಟ್ಟು, ತಂತಿ ಬಲೆಯ ದೊಡ್ಡ ಆಂಟೆನಾ, ಅದರ ಮುಂದೆ ಇಡೀ ಊರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ದೆಹಲಿಯ ಏಷ್ಯನ್ ಗೇಮ್ಸ್ ನೆಪದಲ್ಲಿ ದೇಶಕ್ಕೆ ಬಣ್ಣ ಬಂತು.

ಡಬ್ಬಾ ಟಿವಿಯ ಚಿತ್ರ ಚೆನ್ನಾಗಿರುತ್ತಿತ್ತು ಎಂದು ಹಿರಿಯರು ಹೇಳಿದರೆ ಹಳೆಯ ಕಾಲದ ಮೋಹ ಎಂದು ತಳ್ಳಿಹಾಕಬೇಡಿ. ಅದರ ಹಿಂದೆ ಸರಳ ಲೆಕ್ಕವಿದೆ. ಒಳ್ಳೆಯ ಕಣ್ಣು ಬೇರೆಬೇರೆ ಎಂದು ಗುರುತಿಸಬಲ್ಲ ಎರಡು ಚುಕ್ಕೆಗಳ ನಡುವಿನ ಕೋನ, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 21 ಇಂಚಿನ ಡಬ್ಬಾದಲ್ಲಿ 576 ಗೆರೆಗಳನ್ನು ಹೊಂದಿಸಿದರೆ ಒಂದು ಗೆರೆಯ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಆರಡಿ ದೂರ ಕುಳಿತರೆ ಗೆರೆಗಳು ಬೆರೆತು ಚಿತ್ರ ಒಂದಾಗುತ್ತದೆ. ಅದೇ 576 ಗೆರೆಯ ಚಾನೆಲ್ಲನ್ನು 55 ಇಂಚಿನ ಪರದೆಗೆ ಹಿಗ್ಗಿಸಿದರೆ ಪ್ರತಿ ಗೆರೆಗೂ ಸುಮಾರು 1.2 ಮಿಲಿಮೀಟರ್, ಅದು ಒಂದಾಗಿ ಕಾಣಲು ಹದಿಮೂರು ಅಡಿ ಹಿಂದೆ ಸರಿಯಬೇಕು. ನಮ್ಮ ಹಾಲುಗಳಲ್ಲಿ ಹದಿಮೂರು ಅಡಿ ಹಿಂದಕ್ಕೆ ಹೋದರೆ ಅಡುಗೆಮನೆ ಸಿಗುತ್ತದೆ. ಐವತ್ತು ಸಾವಿರ ಕೊಟ್ಟು ತಂದ ಟಿವಿಯಲ್ಲಿ ಮುಖಗಳೆಲ್ಲ ಮಸುಕು ಎಂದು ದೂರುವವರ ಮನೆಯಲ್ಲಿ ಬಹಳಷ್ಟು ಸಲ ದೋಷ ಟಿವಿಯದ್ದಲ್ಲ, ಸೆಟ್‌ಟಾಪ್ ಬಾಕ್ಸಿಗೆ ಕಟ್ಟಿದ ಈ 576 ಗೆರೆಯ ಎಸ್‌ಡಿ ಪ್ಯಾಕಿನದು.

ಇನ್ನೊಂದು ಗುಣವೂ ಟ್ಯೂಬಿಗಿತ್ತು. ಕಿರಣ ಬಡಿದಾಗ ಫಾಸ್ಫರ್ ಮಿಂಚಿ ತಕ್ಷಣ ಆರುತ್ತದೆ, ಮುಂದಿನ ಸುತ್ತಿನಲ್ಲಿ ಮತ್ತೆ ಮಿಂಚುತ್ತದೆ. ಈ ಮಿಣುಕಿನಿಂದಾಗಿ ಓಡುವ ವಸ್ತುವಿನ ಅಂಚು ಚೂಪಾಗಿ ಕಾಣುತ್ತದೆ. ತೊಂಬತ್ತರ ದಶಕದ ವಿಡಿಯೊ ಗೇಮಿನ ಬಾತುಕೋಳಿ ಬೇಟೆ ನೆನಪಿರುವವರಿಗೆ ಆ ಪ್ಲಾಸ್ಟಿಕ್ ಗನ್ನೂ ನೆನಪಿರಬೇಕು. ಅದರ ಮೂತಿಯಲ್ಲಿದ್ದದ್ದು ಟ್ಯೂಬಿನ ಈ ಮಿಂಚನ್ನು ಗ್ರಹಿಸುವ ಸೆನ್ಸರ್. ಈಗಿನ ಚಪ್ಪಟೆ ಪರದೆಯ ಮುಂದೆ ಅದೇ ಗನ್ ಹಿಡಿದರೆ ಒಂದು ಬಾತುಕೋಳಿಯೂ ಬೀಳುವುದಿಲ್ಲ. ಹಳೆಯ ಗೇಮುಗಳ ಹುಚ್ಚಿರುವವರು ಇವತ್ತಿಗೂ ಡಬ್ಬಾ ಟಿವಿ ಹುಡುಕಿ ಅಲೆಯುವುದಕ್ಕೆ ಇದೊಂದು ಕಾರಣ.

ಪ್ಲಾಸ್ಮಾ ಹುಟ್ಟಿದ್ದು ಮನರಂಜನೆಗಲ್ಲ, ಪಾಠಕ್ಕೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ಲೇಟೊ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆಗೆ ಒಳ್ಳೆಯ ಪರದೆ ಬೇಕಾಗಿತ್ತು. ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ವಿದ್ಯಾರ್ಥಿ ರಾಬರ್ಟ್ ವಿಲ್ಸನ್ 1964ರಲ್ಲಿ ಅದನ್ನು ಮಾಡಿದರು. ಆಗ ಅದಕ್ಕಿದ್ದದ್ದು ನಿಯಾನಿನ ಕಿತ್ತಳೆ ಬಣ್ಣ ಒಂದೇ. ಎಲ್ಲ ಬಣ್ಣಗಳ 42 ಇಂಚಿನ ಪ್ಲಾಸ್ಮಾ ಟಿವಿ ಅಂಗಡಿಗೆ ಬರುವಷ್ಟರಲ್ಲಿ 1997 ಆಗಿತ್ತು. ಪರದೆ ಫುಜಿತ್ಸುದು, ಅಮೆರಿಕದಲ್ಲಿ ಬೆಲೆ ಸುಮಾರು 15 ಸಾವಿರ ಡಾಲರ್.

ಒಳಗಿನ ವಿದ್ಯೆ ಮನೆಯ ಟ್ಯೂಬ್‌ಲೈಟಿನದ್ದೇ. ಎರಡು ಗಾಜಿನ ಹಾಳೆಗಳ ನಡುವೆ ಲಕ್ಷಾಂತರ ಸಣ್ಣ ಕೋಶಗಳು, ಅವುಗಳಲ್ಲಿ ನಿಯಾನ್ ಮತ್ತು ಜೆನಾನ್ ಅನಿಲ. ವಿದ್ಯುತ್ ಹಾಯಿಸಿದರೆ ಅನಿಲ ಅತಿನೇರಳೆ ಕಿರಣ ಹೊಮ್ಮಿಸುತ್ತದೆ, ಆ ಕಿರಣ ಕೋಶದ ಗೋಡೆಗೆ ಬಳಿದ ಕೆಂಪು, ಹಸಿರು ಅಥವಾ ನೀಲಿ ಫಾಸ್ಫರನ್ನು ಬೆಳಗಿಸುತ್ತದೆ. ಪ್ರತಿ ಕೋಶವೂ ತನ್ನ ಬೆಳಕನ್ನು ತಾನೇ ಮಾಡುತ್ತದೆ ಎನ್ನುವುದು ಇಲ್ಲಿ ಮುಖ್ಯ. ಬೆಳಕು ಬೇಡವಾದ ಕೋಶ ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿಯುತ್ತದೆ. ರಾತ್ರಿಯ ದೃಶ್ಯದಲ್ಲಿ ಕತ್ತಲೆ ಕತ್ತಲೆಯಂತೆಯೇ ಕಾಣುತ್ತದೆ, ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಚೆಂಡು ಓಡಿದರೆ ಬಾಲ ಎಳೆಯುವುದಿಲ್ಲ. ಪಯೋನಿಯರ್ ಕಂಪನಿಯ ಕುರೊ ಸರಣಿ ನೋಡಿದವರು ಆ ಕಪ್ಪನ್ನು ಈಗಲೂ ಕೊಂಡಾಡುತ್ತಾರೆ.

ದೋಷಗಳೂ ಇದ್ದವು. ಮೈ ಬಿಸಿಯಾಗುತ್ತಿತ್ತು, 42 ಇಂಚಿನ ಸೆಟ್ಟು ಇನ್ನೂರು, ಮುನ್ನೂರು ವಾಟ್ ನುಂಗುತ್ತಿತ್ತು. ಕರೆಂಟು ಹೋದಾಗ ಇನ್ವರ್ಟರಿನ ಮೇಲೆ ಟಿವಿ ನೋಡುವ ನಮ್ಮ ಅಭ್ಯಾಸಕ್ಕೆ ಅದು ಒಗ್ಗುವ ಮಾತಲ್ಲ. ಎದುರಿನ ಗಾಜು ಕಿಟಕಿಯನ್ನೂ ಸೀಲಿಂಗ್ ಫ್ಯಾನನ್ನೂ ಪ್ರತಿಬಿಂಬಿಸುತ್ತಿತ್ತು. ಊಟಿಯಂಥ 2,200 ಮೀಟರ್ ಎತ್ತರದ ಊರಿಗೆ ಒಯ್ದರೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಕೆಲವು ಸೆಟ್ಟುಗಳು ಗುಂಯ್‌ಗುಡುತ್ತಿದ್ದವು. ಚಾನೆಲ್ಲಿನ ಲಾಂಛನ ಗಂಟೆಗಟ್ಟಲೆ ಒಂದೇ ಮೂಲೆಯಲ್ಲಿ ನಿಂತರೆ ಅಲ್ಲಿನ ಫಾಸ್ಫರ್ ಬೇಗ ಸವೆದು, ಬೇರೆ ಚಾನೆಲ್ ಹಾಕಿದರೂ ಆ ಗುರುತು ಹೋಗುತ್ತಿರಲಿಲ್ಲ.

ಎಲ್‌ಸಿಡಿಯ ಕಥೆಗೆ ನಮ್ಮ ನೆಲದ ನಂಟೂ ಇದೆ. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಶ್ ರೈನಿಟ್ಜರ್, ಕೊಲೆಸ್ಟರಾಲಿಗೆ ಸಂಬಂಧಿಸಿದ ಒಂದು ಪದಾರ್ಥವನ್ನು ಕಾಯಿಸಿದ. ಅದು 145.5 ಡಿಗ್ರಿಯಲ್ಲಿ ಕರಗಿ ಕದಡಿದ ದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ನಡುವಿನ ಆ ಕದಡಿದ ಸ್ಥಿತಿಯೇ ದ್ರವಸ್ಫಟಿಕ. ಹರಿಯುವುದು ದ್ರವದಂತೆ, ಅಣುಗಳು ಸಾಲುಗಟ್ಟುವುದು ಹರಳಿನಂತೆ. ಅದನ್ನು ಪರದೆಗೆ ಬಳಸಬಹುದು ಎಂದು ಅಮೆರಿಕದ ಆರ್‌ಸಿಎ ಪ್ರಯೋಗಾಲಯದ ಜಾರ್ಜ್ ಹೈಲ್ಮಯರ್ ತಂಡ 1968ರಲ್ಲಿ ತೋರಿಸಿತು. ಅದೇ ಕಾಲದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಎಸ್. ಚಂದ್ರಶೇಖರ್ ದ್ರವಸ್ಫಟಿಕಗಳ ಬೆನ್ನು ಹತ್ತಿದ್ದರು. ಇವರು ಸಿ.ವಿ. ರಾಮನ್ನರ ಸೋದರಳಿಯ, ನೊಬೆಲ್ ಪಡೆದ ಖಗೋಳವಿಜ್ಞಾನಿ ಚಂದ್ರಶೇಖರ್ ಬೇರೆ. 1971ರಲ್ಲಿ ಇವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿಯವರೆಗೆ ಕಡ್ಡಿಯಾಕಾರದ ಅಣುಗಳು ಮಾತ್ರ ದ್ರವಸ್ಫಟಿಕವಾಗುತ್ತವೆ ಎಂದು ಜಗತ್ತು ನಂಬಿತ್ತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬಿಲ್ಲೆಯಾಕಾರದ ಅಣುಗಳೂ ಹಾಗಾಗುತ್ತವೆ ಎಂದು ತೋರಿಸಿದರು. ಎಲ್‌ಸಿಡಿ ಮಾನಿಟರನ್ನು ಓರೆಯಾಗಿ ನೋಡಿದರೆ ಬಣ್ಣ ತಿರುಗುವ ಕಾಯಿಲೆಗೆ ಮುಂದೆ ಜಪಾನಿನ ಫುಜಿಫಿಲ್ಮ್ ಮಾಡಿದ ಮದ್ದಿನ ಪದರದಲ್ಲಿ ಇದ್ದದ್ದು ಈ ಬಿಲ್ಲೆ ಜಾತಿಯ ಅಣುಗಳೇ. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನೂ ಕಟ್ಟಿದರು. ಆ ಕೇಂದ್ರ ಈಗ ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರವಾಗಿದೆ. ಟಿವಿ ಅಂಗಡಿಗಳಲ್ಲಿ ಅವರ ಹೆಸರು ಕೇಳಿಬರುವುದಿಲ್ಲ, ಕೇಳಿಬರಬೇಕಿತ್ತು.

ಎಲ್‌ಸಿಡಿಗೂ ಪ್ಲಾಸ್ಮಾಗೂ ಇರುವ ದೊಡ್ಡ ವ್ಯತ್ಯಾಸ ಇದು: ದ್ರವಸ್ಫಟಿಕ ಬೆಳಗುವುದಿಲ್ಲ. ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಎದುರಿನ ಅಣುಗಳು ಕಿಟಕಿಯ ಪಟ್ಟಿ ಪರದೆಯಂತೆ ಹೊರಳಿ ಬೆಳಕನ್ನು ಬಿಡುತ್ತವೆ ಅಥವಾ ತಡೆಯುತ್ತವೆ. ತಡೆ ಎಂದೂ ಪೂರ್ತಿಯಾಗುವುದಿಲ್ಲ, ಸ್ವಲ್ಪ ಸೋರುತ್ತದೆ. ಕತ್ತಲೆ ಕೋಣೆಯಲ್ಲಿ ಎಲ್‌ಸಿಡಿಯ ಕಪ್ಪು ಬೂದು ಬಣ್ಣವಾಗಿ ಕಾಣುವುದು ಇದರಿಂದಲೇ. ಮೊದಮೊದಲು ಹಿಂದಿನ ದೀಪ ಪಾದರಸವಿದ್ದ ಸಪೂರ ಟ್ಯೂಬುಗಳದ್ದಾಗಿತ್ತು. ನೀಲಿ ಎಲ್‌ಇಡಿ ಬಂದ ಮೇಲೆ ಬಿಳಿ ಎಲ್‌ಇಡಿ ಸಾಧ್ಯವಾಯಿತು, ದೀಪ ಬದಲಾಯಿತು. ನೀಲಿ ಎಲ್‌ಇಡಿಗಾಗಿ ಅಕಾಸಾಕಿ, ಅಮಾನೊ, ನಕಾಮುರಾ 2014ರಲ್ಲಿ ನೊಬೆಲ್ ಪಡೆದರು. ಅಂಗಡಿಯವರು ಎಲ್‌ಇಡಿ ಟಿವಿ ಎಂದು ಮಾರಿದ್ದು ದೀಪ ಬದಲಾಯಿಸಿದ ಎಲ್‌ಸಿಡಿಯನ್ನೇ. ಕ್ಯೂಎಲ್‌ಇಡಿಯೂ ಬಣ್ಣ ಶುದ್ಧಿಗೆ ಕ್ವಾಂಟಮ್ ಡಾಟ್ ಪದರ ಸೇರಿಸಿದ ಎಲ್‌ಸಿಡಿಯೇ.

ಹಾಗಾದರೆ ಬೂದು ಕಪ್ಪಿನ ಎಲ್‌ಸಿಡಿ ಗೆದ್ದದ್ದು ಹೇಗೆ? ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಯಾವ ಪರದೆಯ ಕಪ್ಪೂ ಕಪ್ಪಲ್ಲ. ಅಲ್ಲಿ ಪ್ಲಾಸ್ಮಾದ ಶ್ರೇಷ್ಠ ಗುಣ ಅಳಿಸಿಹೋಗಿ, ಅದರ ಮಂಕು ಮಾತ್ರ ಉಳಿಯುತ್ತಿತ್ತು. ಪರದೆ ತುಂಬ ಬಿಳಿ ಬಂದರೆ ವಿದ್ಯುತ್ ಮಿತಿಮೀರದಂತೆ ಪ್ಲಾಸ್ಮಾ ತಾನೇ ತಗ್ಗಿಕೊಳ್ಳುತ್ತಿತ್ತು, ಪಕ್ಕದಲ್ಲೇ ಎಲ್‌ಸಿಡಿ ಝಗಝಗಿಸುತ್ತಿತ್ತು. ಇದಕ್ಕಿಂತ ಆಳದ ಕಾರಣ ಕಾರ್ಖಾನೆಯಲ್ಲಿತ್ತು. ಎಲ್‌ಸಿಡಿಯನ್ನು ಕ್ಯಾಲ್ಕುಲೇಟರಿಗೂ ಮೊಬೈಲಿಗೂ ಲ್ಯಾಪ್‌ಟಾಪಿಗೂ ಮಾಡಬಹುದು. ಆ ಸಂಖ್ಯೆಯ ಬಲದಿಂದ ಬೆಲೆ ವರ್ಷವರ್ಷ ಇಳಿಯಿತು. ಪ್ಲಾಸ್ಮಾ ಕೋಶವನ್ನು ಚಿಕ್ಕದು ಮಾಡಿದಷ್ಟೂ ಬೆಳಕು ಕುಂದುತ್ತದೆ, ಹಾಗಾಗಿ ಅದು ದೊಡ್ಡ ಟಿವಿಗೆ ಮಾತ್ರ ಮೀಸಲಾಯಿತು. 4ಕೆ ಬಂದಾಗ ಅದೂ ಕೈಮೀರಿತು. ಕ್ಯಾಲಿಫೋರ್ನಿಯಾ 2009ರಲ್ಲಿ ಟಿವಿಗಳ ವಿದ್ಯುತ್ ಬಳಕೆಗೆ ಮಿತಿ ಹಾಕಿದ್ದು ಇನ್ನೊಂದು ಪೆಟ್ಟು. ಅದೇ ವರ್ಷ ಪಯೋನಿಯರ್ ಕೈಚೆಲ್ಲಿತು. ಪ್ಯಾನಸೋನಿಕ್ 2013ರ ಡಿಸೆಂಬರಿನಲ್ಲಿ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ ಮರುವರ್ಷ ನಿಲ್ಲಿಸಿದವು. ಮನೆಯಲ್ಲಿ ಪ್ಲಾಸ್ಮಾ ಇನ್ನೂ ಓಡುತ್ತಿದ್ದರೆ ಅದು ಕೆಡುವವರೆಗೆ ನೋಡಿ ಸುಖಪಡಿ. ಸೆಕೆಂಡ್‌ಹ್ಯಾಂಡ್ ಮಾತ್ರ ಕೊಳ್ಳಬೇಡಿ, ಬಿಡಿಭಾಗಕ್ಕೆ ಅಲೆದಾಡಬೇಕಾಗುತ್ತದೆ.

ಪ್ಲಾಸ್ಮಾದ ಗುಣವನ್ನು ಬಳುವಳಿಯಾಗಿ ಪಡೆದದ್ದು ಓಎಲ್‌ಇಡಿ. ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಇದರ ಮೂಲ ರೂಪವನ್ನು ಪ್ರಕಟಿಸಿದರು. ಇಲ್ಲಿ ಪ್ರತಿ ಚುಕ್ಕೆಯೂ ಸ್ವಯಂಪ್ರಕಾಶಿ, ಆರಿದರೆ ಪೂರ್ತಿ ಕಪ್ಪು. ಆದರೆ ಬಳುವಳಿಯ ಜೊತೆ, ಲಾಂಛನದ ಗುರುತು ಅಳಿಯದೆ ಉಳಿಯುವ ಪ್ಲಾಸ್ಮಾದ ಹಳೆಯ ಕಾಯಿಲೆಯೂ ಬಂತು. ಟಿವಿ ಪರೀಕ್ಷಿಸುವ ಕೆನಡಾದ ಆರ್‌ಟಿಂಗ್ಸ್ ಸಂಸ್ಥೆ 2018ರಲ್ಲಿ ಆರು ಓಎಲ್‌ಇಡಿ ಟಿವಿಗಳನ್ನು ದಿನಕ್ಕೆ 20 ಗಂಟೆ ಓಡಿಸಿತು. ಸದಾ ಸಿಎನ್‌ಎನ್ ಹಾಕಿದ್ದವುಗಳಲ್ಲಿ ಲಾಂಛನದ ಗುರುತು ಅಚ್ಚೊತ್ತಿತು.

ಈಗ ನಮ್ಮ ಕನ್ನಡ ಸುದ್ದಿ ವಾಹಿನಿಯ ಪರದೆಯನ್ನೊಮ್ಮೆ ಗಮನಿಸಿ. ಮೂಲೆಯಲ್ಲಿ ಲಾಂಛನ, ಕೆಳಗೆ ಕೆಂಪು ಬ್ರೇಕಿಂಗ್ ಪಟ್ಟಿ, ಅದರ ಕೆಳಗೆ ಓಡುವ ಸಾಲು, ಪಕ್ಕದಲ್ಲಿ ಜಾಹೀರಾತಿನ ಚೌಕಟ್ಟು. ಕದಲದೆ ಇರುವ ಬಣ್ಣಗಳೇ ಅರ್ಧ ಪರದೆ. ಬೆಳಗಿನ ಕಾಫಿಯಿಂದ ರಾತ್ರಿ ಊಟದವರೆಗೆ ಅದನ್ನೇ ಹಾಕಿಟ್ಟು ಓಡಾಡುವ ಮನೆಗೆ ಓಎಲ್‌ಇಡಿ ಸಲ್ಲದು, ದುಡ್ಡು ಎಷ್ಟೇ ಇರಲಿ. ದಿನಕ್ಕೆರಡು ಗಂಟೆ, ದೀಪ ಆರಿಸಿ, ಸಿನಿಮಾ ಅಥವಾ ಒಟಿಟಿ ಸರಣಿ ನೋಡುವವರಿಗೆ ಅದಕ್ಕೆ ಸಾಟಿಯಿಲ್ಲ.

ಉಳಿದವರಿಗೆ, ಅಂದರೆ ನಮ್ಮಲ್ಲಿ ಬಹುಪಾಲು ಜನಕ್ಕೆ, ಎಲ್‌ಸಿಡಿಯೇ ಸರಿ. ಅದರಲ್ಲೂ ಎರಡು ಪಂಗಡವಿದೆ ಎಂಬುದನ್ನು ಅಂಗಡಿಯವರು ಹೇಳುವುದು ಅಪರೂಪ. ಐಪಿಎಸ್ ಪ್ಯಾನೆಲ್ಲಿನಲ್ಲಿ ಬಿಳಿ-ಕಪ್ಪಿನ ಅಂತರ ಸುಮಾರು ಸಾವಿರಕ್ಕೆ ಒಂದು. ಪಕ್ಕದಿಂದ ಬಣ್ಣ ಚೆನ್ನ. ವಿಎ ಪ್ಯಾನೆಲ್ಲಿನಲ್ಲಿ ಅಂತರ ಮೂರು ಸಾವಿರ, ಅದಕ್ಕೂ ಮೇಲೆ. ಪಕ್ಕಕ್ಕೆ ಸರಿದರೆ ಬಣ್ಣ ತೊಳೆದಂತಾಗುತ್ತದೆ. ಹಾಲಿನ ಮೂರು ಗೋಡೆಗೂ ಸೋಫಾ ಇಟ್ಟ ಕೂಡುಕುಟುಂಬಕ್ಕೆ ಐಪಿಎಸ್, ಟಿವಿಯ ನೇರ ಕೂರುವ ಇಬ್ಬರಿಗೆ ವಿಎ. ಗೊತ್ತಾಗದಿದ್ದರೆ ಅಂಗಡಿಯಲ್ಲೇ ಒಂದು ಬದಿಗೆ ನಾಲ್ಕು ಹೆಜ್ಜೆ ಸರಿದು ಮುಖದ ಬಣ್ಣ ನೋಡಿ. ಮಿನಿ ಎಲ್‌ಇಡಿ ಎಂಬುದು ಹಿಂದಿನ ದೀಪವನ್ನು ನೂರಾರು ವಲಯಗಳಾಗಿ ಒಡೆದು, ಕತ್ತಲಿರುವಲ್ಲಿ ದೀಪವನ್ನೇ ತಗ್ಗಿಸುವ ವ್ಯವಸ್ಥೆ. ಬಿಸಿಲು ಬೀಳುವ ಹಾಲಿಗೆ ಇದು ಒಳ್ಳೆಯ ಹೂಡಿಕೆ. ಅಗ್ಗದ ಟಿವಿಯ ಮೇಲೆ ಎಚ್‌ಡಿಆರ್ ಎಂದು ಅಂಟಿಸಿದ ಚೀಟಿಗೆ ಮರುಳಾಗಬೇಡಿ; ಪ್ರಖರತೆ ಇಲ್ಲದ ಪರದೆಯಲ್ಲಿ ಆ ಮೂರಕ್ಷರದಿಂದ ಏನೂ ಆಗುವುದಿಲ್ಲ. 43 ಇಂಚಿನ ಟಿವಿಯನ್ನು ಆರಡಿಗಿಂತ ದೂರದಿಂದ ನೋಡುವುದಾದರೆ ಫುಲ್ ಎಚ್‌ಡಿಗೂ 4ಕೆಗೂ ನಿಮ್ಮ ಕಣ್ಣಿಗೆ ವ್ಯತ್ಯಾಸ ತಿಳಿಯದು. 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಾಗೆ ಉಳಿದ ಹಣವನ್ನು ಇಂಚಿಗೆ ಸುರಿಯುವ ಬದಲು ಎಚ್‌ಡಿ ಪ್ಯಾಕಿಗೆ ಹಾಕಿದರೆ ಚಿತ್ರ ಹೆಚ್ಚು ಸುಧಾರಿಸುತ್ತದೆ.

ಟಿವಿ ಮನೆಗೆ ಬಂದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ಟೋರ್ ಮೋಡ್ ತೆಗೆದು ಹೋಮ್ ಮೋಡ್ ಇಡಿ, ಬ್ಯಾಕ್‌ಲೈಟನ್ನು ನೂರರಿಂದ ಕೆಳಗಿಳಿಸಿ. ಎಲ್‌ಸಿಡಿ ಟಿವಿಯಲ್ಲಿ ಸಾಮಾನ್ಯವಾಗಿ ಮೊದಲು ಸುಟ್ಟುಹೋಗುವುದು ಹಿಂದಿನ ಎಲ್‌ಇಡಿ ಪಟ್ಟಿ. ಒಂದು ದಿನ ಶಬ್ದ ಬರುತ್ತದೆ, ಚಿತ್ರ ಬರುವುದಿಲ್ಲ. ಆಗ ಪರದೆಗೆ ಹತ್ತಿರದಿಂದ ಟಾರ್ಚ್ ಹಿಡಿಯಿರಿ. ಒಳಗೆ ಮಸುಕಾಗಿ ಚಿತ್ರ ಓಡುತ್ತಿರುವುದು ಕಂಡರೆ ಪ್ಯಾನೆಲ್ ಬದುಕಿದೆ, ದೀಪ ಮಾತ್ರ ಹೋಗಿದೆ. ಪಟ್ಟಿ ಬದಲಿಸಿದರೆ ಟಿವಿ ಮತ್ತೆ ಓಡುತ್ತದೆ. ಪ್ಯಾನೆಲ್ಲೇ ಒಡೆದಿದ್ದರೆ ರಿಪೇರಿ ಮಾಡಿಸುವುದು ದಂಡ.

ಅಟ್ಟದ ಮೇಲಿನ ಡಬ್ಬಾ ಟಿವಿಯನ್ನು ಮಾತ್ರ ಗುಜರಿಗೆ ಹಾಕಬೇಡಿ. ತಾಮ್ರದ ಸುರುಳಿಗಾಗಿ ಟ್ಯೂಬನ್ನು ಕಲ್ಲಿನಿಂದ ಒಡೆದು ಗಾಜನ್ನು ಚರಂಡಿ ಪಕ್ಕ ಎಸೆಯುತ್ತಾರೆ. ದೊಡ್ಡ ಟ್ಯೂಬಿನ ಗಾಜಿನಲ್ಲಿ ಕಿಲೋಗಟ್ಟಲೆ ಸೀಸವಿರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಟಿವಿಯ ವಿಲೇವಾರಿ ತಯಾರಕರ ಹೊಣೆಯೂ ಹೌದು. ಹೊಸ ಟಿವಿ ಕೊಳ್ಳುವಾಗಲೇ ಹಳೆಯದನ್ನು ಯಾವ ನೋಂದಾಯಿತ ಮರುಬಳಕೆ ಘಟಕಕ್ಕೆ ಕಳಿಸುತ್ತೀರಿ ಎಂದು ಕೇಳಿ, ರಸೀದಿ ಪಡೆಯಿರಿ.